ಏಳು ತೂತಿನ ಹಲಗೆ

ಮಂಗಲಚ್ಚಿರ ಠಾಣೆಗೆ ಆ ದೂರು ಬಂದದ್ದು ಆಗಸ್ಟ್ ಇಪ್ಪತ್ತೊಂದು, ಬುಧವಾರ, ಬೆಳಗ್ಗೆ ಆರು ಐವತ್ತಕ್ಕೆ. ಬಂದವರು ಒಬ್ಬಿಬ್ಬರಲ್ಲ, ಮೂರು ದೋಣಿ ತುಂಬ ಜನ. ಠಾಣೆಯ ಕಟ್ಟೆಗೆ ದೋಣಿ ಕಟ್ಟುವ ಮೊದಲೇ ಅವರ ಬೈಗುಳ ಒಳಗೆ ಬಂದು ಮುಟ್ಟಿತ್ತು. ಇನ್‌ಸ್ಪೆಕ್ಟರ್ ಕುರುವಿಳ ಹಾಲಿಲ್ಲದ ಚಹಾದ ಲೋಟ ಕೆಳಗಿಟ್ಟು ಟೋಪಿ ಹಾಕಿಕೊಂಡರು. ಏಲಕ್ಕಿ ಬೆಟ್ಟದ ಕಡೆಯಿಂದ ಈ ನೀರಿನ ನಾಡಿಗೆ ವರ್ಗವಾಗಿ ಬಂದು ಹದಿನೆಂಟು ತಿಂಗಳಾಗಿತ್ತು. ಇನ್ನೂ ಈಜು ಬರುತ್ತಿರಲಿಲ್ಲ, ಅದು ಠಾಣಾ ವ್ಯಾಪ್ತಿಯ ಪ್ರತಿ ಮನೆಗೂ ಗೊತ್ತಿತ್ತು.

ಮುಂದೆ ನಿಂತವರು ಕೈನಾಟ್ಟುಕರ ದೋಣಿ ಸಂಘದ ಕಾರ್ಯದರ್ಶಿ ಶಶಿಧರ ಪಣಿಕ್ಕರ್.

"ನಮ್ಮ ಚುಂಡನ್ ದೋಣಿಗೆ ತೂತು ಕೊರೆದಿದ್ದಾರೆ ಸಾರ್. ಒಂದಲ್ಲ, ಏಳು."

"ಯಾವಾಗ ನೋಡಿದ್ದು?"

"ಬೆಳಗ್ಗೆ ಐದೂವರೆಗೆ. ಹುಡುಗ್ರು ಅಭ್ಯಾಸಕ್ಕೆ ಅಂತ ಇಳಿಸೋಕೆ ಹೋದ್ರೆ..." ಪಣಿಕ್ಕರ್ ಹೆಗಲ ವಸ್ತ್ರದಲ್ಲಿ ಕಣ್ಣೊರೆಸಿಕೊಂಡರು. ಹಿಂದಿನ ದಿನವಷ್ಟೇ ಅಣ್ಣನ ಮಗಳನ್ನು ಮದುವೆ ಮಾಡಿ ಕಳಿಸುವಾಗ ಒಂದು ಹನಿ ಕಣ್ಣೀರು ಹಾಕದಿದ್ದ ಮನುಷ್ಯ ಅವರು. "ಮೂವತ್ತೊಂದಕ್ಕೆ ಓಟ ಸಾರ್. ಹತ್ತೇ ದಿನ."

"ಯಾರ ಮೇಲಾದ್ರೂ ಅನುಮಾನ?"

ಮೂರು ದೋಣಿಯ ಜನವೂ ಒಟ್ಟಿಗೇ ಒಂದು ಹೆಸರು ಕೂಗಿತು. ಟೋಮಿಚ್ಚನ್. ಆಚೆ ದಡದ ಊರಿನ ಹುಟ್ಟುಗಾರ. ಹೋದ ಶನಿವಾರ ಶೇಂದಿ ಅಂಗಡಿಯಲ್ಲಿ ಮೇಜು ಗುದ್ದಿ, 'ಈ ಸಲ ನಿಮ್ಮ ದೋಣಿ ಓಡಲ್ಲ ಕಣ್ರೋ, ಮುಳುಗುತ್ತೆ' ಎಂದಿದ್ದನಂತೆ. ಅದಕ್ಕೆ ಹದಿನಾಲ್ಕು ಜನ ಸಾಕ್ಷಿ, ಹದಿನಾಲ್ಕು ಜನವೂ ಕುಡಿದಿದ್ದರು.

ಏಳು ಮೂವತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಸ್ವತ್ತಿಗೆ ಕೇಡು ಮಾಡಿದ ಅಪರಾಧ, ಆರೋಪಿ ಅಪರಿಚಿತ. ಟೋಮಿಚ್ಚನ್ ಹೆಸರು ಬರೆಯಿರೆಂದು ಪಣಿಕ್ಕರ್ ಎಷ್ಟು ಒತ್ತಾಯಿಸಿದರೂ ಕುರುವಿಳ ಬರೆಯಲಿಲ್ಲ.

ಸ್ಥಳ ಪಂಚನಾಮೆಗೆ ಹೊರಟಾಗ ಎಂಟೂವರೆ. ಜೊತೆಗಿದ್ದವರು ಎಎಸ್‌ಐ ಪುಷ್ಕರನ್. ಇದೇ ಊರಿನವರು, ಒಂದು ಕಾಲಕ್ಕೆ ಇದೇ ಸಂಘದ ಹುಟ್ಟು ಹಿಡಿದವರು. ಈಗ ಅವರ ಮಗ ಬಿಜುಕುಟ್ಟನ್ ಅದೇ ದೋಣಿಯಲ್ಲಿ ಕೂರುತ್ತಿದ್ದ. ಪೊಲೀಸ್ ದೋಣಿಯ ನಟ್ಟನಡುವೆ, ಎರಡೂ ಕೈಯಲ್ಲಿ ಹಲಗೆ ಹಿಡಿದು ಕೂತ ಸಾಹೇಬರನ್ನು ನೋಡಿ ಅವರು ಮುಖ ಆಚೆ ತಿರುಗಿಸಿ ನಕ್ಕರು.

ತೆಂಗಿನ ಗರಿ ಹೊದಿಸಿದ ಉದ್ದ ಚಪ್ಪರದ ಕೆಳಗೆ, ದಿಮ್ಮಿಗಳ ಮೇಲೆ ದೋಣಿ ಕೂತಿತ್ತು. ತೊಂಬತ್ತೈದು ಹುಟ್ಟುಗಾರರ ಓಟದ ದೋಣಿ. ಮೀನೆಣ್ಣೆ ಕುಡಿದು ಕುಡಿದು ಮರ ಕಪ್ಪಾಗಿ ಹೊಳೆಯುತ್ತಿತ್ತು.

"ಬೂಟು ಸಾರ್," ಎಂದರು ಪುಷ್ಕರನ್.

ಕುರುವಿಳ ಬಗ್ಗಿ ಲೇಸು ಬಿಚ್ಚಿದರು. ಚಪ್ಪಲಿ ಹಾಕಿ ಚುಂಡನ್ ಮುಟ್ಟಿದ ಹಿಂದಿನ ಇನ್‌ಸ್ಪೆಕ್ಟರ್ ಆರೇ ತಿಂಗಳಲ್ಲಿ ವರ್ಗವಾಗಿದ್ದ ಸಂಗತಿ ಅವರ ಕಿವಿಗೂ ಬಿದ್ದಿತ್ತು.

ಬಲಮಗ್ಗುಲಲ್ಲಿ, ತಳದಿಂದ ಎರಡನೆಯ ಹಲಗೆ, ದೋಣಿಯ ಸೊಂಟದ ಹತ್ತಿರ. ಏಳು ತೂತು, ಪ್ರತಿಯೊಂದೂ ಒಂದು ಅಂಗುಲದ ಬೈರಿಗೆಯದು. ಕಾನ್‌ಸ್ಟೆಬಲ್ ಟೇಪು ಹಿಡಿದ, ಕುರುವಿಳ ಬರೆದುಕೊಂಡರು. ಹಲಗೆಯ ಉದ್ದ ಇಪ್ಪತ್ತನಾಲ್ಕು ಅಡಿ ಮೂರು ಅಂಗುಲ, ಅಗಲ ಹದಿನಾಲ್ಕು, ದಪ್ಪ ಒಂದೂವರೆ. ಹೊರಮೈ ಕಪ್ಪು. ತೂತಿನ ಒಳಗೋಡೆ ಮಾತ್ರ ಅರಿಶಿನ ಬಳಿದಷ್ಟು ಹಳದಿ.

"ಇದ್ಯಾಕೆ ಇಷ್ಟು ಹಳದಿ?"

"ಆಂಞಿಲಿ ಸಾರ್. ಹೆಬ್ಬಲಸು. ಕೊಯ್ದಾಗ ಹೀಗೇ ಇರುತ್ತೆ, ಗಾಳಿ ತಾಗ್ತಾ ತಾಗ್ತಾ ಕಂದಾಗುತ್ತೆ. ಇದು ನಿನ್ನೆ ಕೊರೆದದ್ದೇ."

"ಎಲ್ಲದಕ್ಕೂ ಇದೇ ಮರ ಯಾಕೆ? ತೇಗ ಆಗಲ್ವ?"

"ತೇಗ ಮೇಜಿಗೆ, ಮಂಚಕ್ಕೆ. ಇಷ್ಟುದ್ದದ ನೆಟ್ಟಗಿನ ಹಲಗೆ ತೇಗದಲ್ಲಿ ಎಲ್ಲಿ ಸಿಗುತ್ತೆ? ಮಾವು ಮೂರು ಮಳೆಗಾಲಕ್ಕೆ ಮೆತ್ತಗಾಗುತ್ತೆ. ಆಂಞಿಲಿ ಬಾಗು ಅಂದ್ರೆ ಬಾಗುತ್ತೆ, ಮೊಳೆ ಹೊಡೆದ್ರೆ ಸೀಳಲ್ಲ, ಉಪ್ಪುನೀರಲ್ಲಿ ಬಿದ್ದಿದ್ರೂ ಹುಳ ಹತ್ತಲ್ಲ. ನಮ್ಮೂರ ಗಂಡಸ್ರಿಗಿಂತ ವಾಸಿ."

ಎರಡು ವಿಷಯ ಕುರುವಿಳರ ಕಣ್ಣಿಗೆ ಬಿದ್ದವು. ಒಂದು, ತೂತುಗಳ ಎರಡೂ ಬಾಯಿ ಅಚ್ಚುಕಟ್ಟಾಗಿದ್ದವು. ಒಂದೇ ಕಡೆಯಿಂದ ಕೊರೆದರೆ ಇನ್ನೊಂದು ಕಡೆ ಮರ ಸಿಬಿರೆದ್ದು ಹರಿಯುತ್ತದೆ. ಇಲ್ಲಿ ಹೊರಗಿನಿಂದ ಕೊರೆದು, ಬೈರಿಗೆಯ ಮೊನೆ ಕಂಡ ಕೂಡಲೇ ನಿಲ್ಲಿಸಿ, ದೋಣಿಯ ಒಳಗೆ ಹತ್ತಿ ಅಲ್ಲಿಂದ ಉಳಿದದ್ದನ್ನು ಕೊರೆದಿದ್ದರು. ಹಾಳು ಮಾಡಲು ಬಂದವನಿಗೆ ಇಷ್ಟು ನಾಜೂಕು ಯಾಕೆ? ಇನ್ನೊಂದು, ಹಲಗೆಯ ಕೆಳಗೆ ದಿಮ್ಮಿಯ ಸಂದಿನಲ್ಲಿ ಒಂದು ವೀಳ್ಯದೆಲೆ, ಮೇಲೊಂದು ಅಡಿಕೆ, ಒಂದು ರೂಪಾಯಿ ನಾಣ್ಯ. ಎಲೆ ಬಾಡಿತ್ತು, ಒಣಗಿರಲಿಲ್ಲ.

"ಕಳ್ಳ ಎಲೆ ಅಡಿಕೆ ಹಾಕೋಕೆ ಕೂತಿದ್ನ ಇಲ್ಲಿ?"

ಪುಷ್ಕರನ್ ನಗಲಿಲ್ಲ. "ತಿನ್ನೋಕಲ್ಲ ಸಾರ್," ಎಂದರು ತಗ್ಗಿದ ದನಿಯಲ್ಲಿ. "ಕಟ್ಟಿದ ದೋಣಿ ಮೇಲೆ ಉಳಿ ಇಡೋ ಮೊದ್ಲು ಆಶಾರಿಗಳು ದಕ್ಷಿಣೆ ಇಡ್ತಾರೆ. ತಪ್ಪಾಯ್ತು, ಕ್ಷಮಿಸು ಅಂತ ಮರದ ಹತ್ರ ಕೇಳ್ಕೊಳ್ಳೋದು."

ನಾಣ್ಯ, ಎಲೆ, ಅಡಿಕೆ ಮೂರನ್ನೂ ಕಾಗದದ ಲಕೋಟೆಗೆ ಹಾಕಿ ಪಂಚರ ಸಹಿ ಪಡೆದರು. ಕಾವಲುಗಾರನ ಹೇಳಿಕೆ ಚಿಕ್ಕದು. ಮಂಗಳವಾರ ಹನ್ನೊಂದೂವರೆಗೆ ಪಣಿಕ್ಕರರ ಮನೆ ಮದುವೆ ಊಟಕ್ಕೆ ಹೋದವನು ಎರಡಕ್ಕೆ ವಾಪಸು ಬಂದು ಬಾಗಿಲಲ್ಲೇ ಇದ್ದ. ಅಂದರೆ ಕೆಲಸ ನಡೆದದ್ದು ಆ ಎರಡೂವರೆ ಗಂಟೆಯಲ್ಲಿ, ಇಡೀ ಊರು ಬಾಳೆಲೆಯ ಮುಂದೆ ಕೂತಿದ್ದಾಗ.

ದೋಣಿ ಕಟ್ಟಿದ ಹಿರಿಯ ಬಡಗಿ ನಾಣು ಆಶಾರಿಯನ್ನು ಕರೆಸಿದ್ದರು. ಅರವತ್ತೆಂಟು ವರ್ಷ, ಒಣಕಲು ದೇಹ, ಕಿವಿಯ ಮೇಲೆ ಪೆನ್ಸಿಲು. ಈ ನೀರಿನ ನಾಡಿನಲ್ಲಿ ಹನ್ನೊಂದು ಚುಂಡನ್ ಕಟ್ಟಿದ ಕೈ. ಕೈನಾಟ್ಟುಕರದ್ದು ಹನ್ನೊಂದನೆಯದು, ನೀರಿಗಿಳಿದು ಎರಡು ವರ್ಷವಾಗಿತ್ತು.

"ಏನಂತೀರಿ ಮೂತ್ತಾಶಾರಿ?" ಎಂದು ಕುರುವಿಳ ಪಕ್ಕದಲ್ಲಿ ನಿಂತು ಕೇಳಿದರು. ಮುದುಕ ತಿರುಗಿ ನೋಡಲಿಲ್ಲ. ಇನ್ನೊಮ್ಮೆ ಕೇಳಿದರೂ ಉತ್ತರವಿಲ್ಲ. ಗತ್ತು ನೋಡು ಎಂದುಕೊಂಡು ಅವರು ಎದುರಿಗೆ ಬಂದು ನಿಂತರು.

"ಹಲಗೆ ಬಿಚ್ಚಬೇಕು. ಹೊಸದು ಕೂರಿಸ್ಬೇಕು," ಎಂದ ನಾಣು ಆಶಾರಿ. "ಎಂಟು ದಿನ ಬೇಕು."

"ಎಂಟು ದಿನ!" ಪಣಿಕ್ಕರ್ ತಲೆ ಹಿಡಿದುಕೊಂಡರು. "ಆಮೇಲೆ ಅಭ್ಯಾಸ ಯಾವಾಗ? ತೂತಿಗೆ ಬಿರಡೆ ಹೊಡೆದ್ರೆ ಆಗಲ್ವ ಆಶಾರಿ?"

"ಹಲಗೆ ಬದಲಾಯಿಸ್ಬೇಕು," ಎಂದಷ್ಟೇ ಹೇಳಿ ಮುದುಕ ಹೊರಟುಹೋದ.

ಟೋಮಿಚ್ಚನ್‌ನನ್ನು ಹನ್ನೊಂದು ನಲವತ್ತಕ್ಕೆ ಠಾಣೆಗೆ ತಂದರು. ದಪ್ಪ ಮೀಸೆ, ಮೊಣಕೈ ತನಕ ಸುಟ್ಟ ಕಲೆಗಳು.

"ಮಂಗಳವಾರ ಹನ್ನೊಂದೂವರೆಯಿಂದ ಎರಡರವರೆಗೆ ಎಲ್ಲಿದ್ದೆ?"

"ಪಣಿಕ್ಕರ್ ಮನೇಲಿ."

"ಏನು?"

"ಪಾಯಸ ಕಲಕ್ತಿದ್ದೆ ಸಾರ್. ನಾನು ಅಡುಗೆ ಕುಂಞಪ್ಪಿ ಕಡೆ ಕೆಲಸಕ್ಕೆ ಹೋಗೋದು. ಈಗ ನನ್ನ ಹೆಸರು ಕೂಗಿದ್ರಲ್ಲ, ಅವ್ರೆಲ್ಲ ನನ್ನ ಪಾಯಸಾನೇ ಎರಡೆರಡು ಸಲ ಹಾಕಿಸ್ಕೊಂಡು ನೆಕ್ಕಿದ್ದು."

"ಶೇಂದಿ ಅಂಗಡೀಲಿ ದೋಣಿ ಮುಳುಗುತ್ತೆ ಅಂದಿದ್ದು?"

"ಅದು ಎಲ್ಲಾ ವರ್ಷನೂ ಅಂತೀನಿ."

ಮದುವೆಯ ವಿಡಿಯೊ ಗುರುವಾರ ಬೆಳಗ್ಗೆ ಸಿಕ್ಕಿತು. ಅದರಲ್ಲಿ ಟೋಮಿಚ್ಚನ್ ಹನ್ನೆರಡರಿಂದ ಒಂದೂ ಮುಕ್ಕಾಲರವರೆಗೆ ಪಾಯಸದ ಬಕೆಟ್ಟು ಹಿಡಿದು ಐದು ಸಲ ಬಂದುಹೋಗಿದ್ದ. ಅವನನ್ನು ಬಿಟ್ಟರು. ಕುರುವಿಳ ಮಾತ್ರ ವಿಡಿಯೊ ನಿಲ್ಲಿಸಲಿಲ್ಲ. ದಕ್ಷಿಣೆ ಇಟ್ಟವನು ಆಶಾರಿ ಎಂದಾದರೆ, ಆ ಊರಿನಲ್ಲಿ ಬೈರಿಗೆ ಹಿಡಿಯುವವರು ಮೂರೇ ಜನ. ಇಬ್ಬರು ಮೊದಲ ಪಂಕ್ತಿಯಲ್ಲೇ ಕೂತಿದ್ದರು. ನಾಣು ಆಶಾರಿಗೆಂದು ಮೊದಲ ಪಂಕ್ತಿಯಲ್ಲಿ ಹಾಕಿದ ಎಲೆ ಖಾಲಿ ಇತ್ತು. ಪಣಿಕ್ಕರ್ ಎರಡು ಸಲ ಬಂದು ಅದನ್ನು ನೋಡಿ ಹೋದದ್ದೂ ವಿಡಿಯೊದಲ್ಲಿತ್ತು. ಮುದುಕ ಕಂಡದ್ದು ಮೂರನೇ ಪಂಕ್ತಿಯಲ್ಲಿ, ಒಂದೂ ನಲವತ್ತಕ್ಕೆ, ಒದ್ದೆ ಕೂದಲಲ್ಲಿ, ಸ್ನಾನ ಮಾಡಿ ಬಂದವನ ಹಾಗೆ.

ಪುಷ್ಕರನ್ ವಿಡಿಯೊ ಹಿಂದಕ್ಕೆ ಓಡಿಸಿ ಆ ಖಾಲಿ ಎಲೆಯನ್ನು ಇನ್ನೊಮ್ಮೆ ನೋಡಿದರು. "ಅವರು ನನ್ನ ಮಗನಿಗೆ ಮೊದಲ ಹುಟ್ಟು ಕೆತ್ತಿ ಕೊಟ್ಟವರು ಸಾರ್," ಎಂದರು. "ಸ್ವಂತ ದೋಣಿಗೆ ಯಾರಾದ್ರೂ ತೂತು ಕೊರೀತಾರಾ?"

"ಅದೇ ನನಗೂ ಬೇಕಾಗಿರೋದು."

ಶುಕ್ರವಾರ, ಇಪ್ಪತ್ತಮೂರು, ಬೆಳಗ್ಗೆ ಹತ್ತೂಕಾಲಿಗೆ ಇಬ್ಬರೂ ನಾಣು ಆಶಾರಿಯ ಮನೆಯ ಹಿಂದಿನ ಕೆಲಸದ ಚಪ್ಪರಕ್ಕೆ ಹೋದರು. ಮುದುಕ ಬಾಚಿಯ ಬಾಯಿ ಮಸೆಯುತ್ತಿದ್ದ. ಒಂದು ಅಂಗುಲದ ಬೈರಿಗೆ ಗೋಡೆಯ ಮೇಲೇ ಇತ್ತು. ಬಚ್ಚಿಡುವ ಯೋಚನೆಯೂ ಮಾಡಿರಲಿಲ್ಲ.

"ಮದುವೆಗೆ ತಡವಾಗಿ ಹೋದ್ರಂತೆ?"

"ವಯಸ್ಸಾಯ್ತು. ನಿಧಾನ."

ಮೂಲೆಯಲ್ಲಿ, ನೆಲದಿಂದ ಎತ್ತರಿಸಿ, ಉದ್ದನೆಯದೊಂದು ಹಲಗೆ ಮಲಗಿತ್ತು. ಅರ್ಧ ಭಾಗಕ್ಕೆ ಗೋಣಿ ಹೊದಿಸಿತ್ತು. ಕುರುವಿಳ ಗೋಣಿ ಎತ್ತಿದರು. ಕೆಳಗೆ ಮರ ಹಳದಿ, ಗೋಣಿ ಇಲ್ಲದ ಕಡೆ ಬೆಲ್ಲದ ಬಣ್ಣ. ಎರಡರ ನಡುವೆ ದಾರ ಹಿಡಿದಷ್ಟು ನೇರ ಗೆರೆ.

"ಇದು ಯಾವ ದೋಣಿಗೆ?"

"ಬೇರೆ ದೋಣಿಗೆ."

"ಯಾವ ಊರಿಂದು?"

ಮುದುಕ ಬಾಚಿ ಮಸೆಯುವುದನ್ನು ಮುಂದುವರಿಸಿದ. ಕಾನ್‌ಸ್ಟೆಬಲ್ ಟೇಪು ಹಿಡಿದ. ಉದ್ದ ಇಪ್ಪತ್ತನಾಲ್ಕು ಅಡಿ ಮೂರು ಅಂಗುಲ. ಅಗಲ ಹದಿನಾಲ್ಕು. ದಪ್ಪ ಒಂದೂವರೆ.

ಸಾಮಿಲ್‌ನ ಮಾಲೀಕ ಹಲಗೆಯ ಮೊಬೈಲ್ ಫೋಟೊ ನೋಡಿ ತೃಪ್ತನಾಗದೆ, ತಾನೇ ಬಂದು ಉಗುರಲ್ಲಿ ಕೆರೆದು, ಮೂಸಿ ನೋಡಿದ. "ನೆರಳಲ್ಲಿ ಇಟ್ಟ ಆಂಞಿಲಿ ಸಾರ್. ಹತ್ತರಿ ಹೊಡೆದು ಹದಿನೈದು ದಿನ ಆಗಿದೆ. ಬೇಕಾದ್ರೆ ಎರಡು ದಿನ ಹೆಚ್ಚೇ ಅನ್ನಿ, ಕಮ್ಮಿ ಅಂತೂ ಅಲ್ಲ."

ತೂತು ಬಿದ್ದು ಮೂರೇ ದಿನ. ಹಲಗೆ ತಯಾರಾಗಿ ಹದಿನೈದು ದಿನ. ಗಾಯಕ್ಕಿಂತ ಮೊದಲೇ ಔಷಧಿ ಅರೆದಿಟ್ಟವನು ಯಾರೆಂದು ಇನ್ನು ಹುಡುಕಬೇಕಾಗಿರಲಿಲ್ಲ. ಬೇರೆ ಅಧಿಕಾರಿಯಾಗಿದ್ದರೆ ಅಲ್ಲೇ ಕೈ ಹಿಡಿಯುತ್ತಿದ್ದರು. ಕುರುವಿಳರಿಗೆ ಮಾತ್ರ ಒಂದು ಲೆಕ್ಕ ಕೂಡುತ್ತಿರಲಿಲ್ಲ. ದೋಣಿ ಹಾಳಾಗಬೇಕೆಂದಿದ್ದರೆ ತಳದ ಹಲಗೆ ಇತ್ತು, ಬಾಚಿ ಇತ್ತು, ಬೆಂಕಿ ಇತ್ತು. ಈ ಮನುಷ್ಯ ಒಂದೇ ಹಲಗೆಗೆ ಏಳು ಸಲ ಬೈರಿಗೆ ಇಟ್ಟಿದ್ದಾನೆ, ಪಕ್ಕದ ಹಲಗೆಗೆ ಒಂದು ಗೀರೂ ಬೀಳದಂತೆ. ಕೂಲಿಯ ಆಸೆ ಎನ್ನೋಣವೆಂದರೆ, ಈ ಸಂಘದ ರಿಪೇರಿಗೆ ಅವನು ಯಾವತ್ತೂ ಕೂಲಿ ತೆಗೆದುಕೊಂಡವನಲ್ಲ.

ಅಷ್ಟರಲ್ಲಿ ಪಣಿಕ್ಕರ್ ತಮ್ಮ ದಾರಿ ಹಿಡಿದಿದ್ದರು. ಪೇಟೆಯಿಂದ ಬಂದ ಬಡಗಿಯೊಬ್ಬ ಶನಿವಾರ ಅರ್ಧ ದಿನದಲ್ಲಿ ಏಳು ತೂತಿಗೂ ಬಿರಡೆ ಬಡಿದು, ಅಂಟು ತುಂಬಿ, ಉಜ್ಜಿ ಕೊಟ್ಟ. ಭಾನುವಾರ ಸಂಜೆ ನಾಲ್ಕೂವರೆಗೆ ಪೂರ್ತಿ ಹುಟ್ಟುಗಾರರನ್ನು ಕೂರಿಸಿ ನೀರಿಗಿಳಿಸುವುದೆಂದು ತೀರ್ಮಾನವಾಯಿತು.

ಭಾನುವಾರ ಮೂರು ಮುಕ್ಕಾಲಿಗೆ ಕುರುವಿಳ ಮತ್ತು ಪುಷ್ಕರನ್ ಮತ್ತೆ ನಾಣು ಆಶಾರಿಯ ಚಪ್ಪರದಲ್ಲಿದ್ದರು. ಕುರುವಿಳ ಒಂದು ಸ್ಟೂಲು ಎಳೆದುಕೊಂಡು ಎದುರಿಗೇ ಕೂತರು.

"ತೂತು ಕೊರೆದದ್ದು ನೀವೇ."

ಮುದುಕ ಉಳಿಯ ಬಾಯಿಯನ್ನು ಹೆಬ್ಬೆರಳಲ್ಲಿ ಸವರಿ ನೋಡಿದ.

"ಯಾಕೆ ಅಂತ ಕೇಳೋಕೆ ಬಂದೆ. ಇನ್ನು ಕೇಳಿಯೂ ಏನು ಪ್ರಯೋಜನ ಬಿಡಿ. ನಿನ್ನೆ ಬಿರಡೆ ಹೊಡೆದಾಯ್ತು. ಇವತ್ತು ನಾಲ್ಕೂವರೆಗೆ ಇಳಿಸ್ತಾರೆ, ತೊಂಬತ್ತೈದು ಜನ."

ಮುದುಕ ತಲೆ ಓರೆ ಮಾಡಿ ಎಡಗಿವಿಯನ್ನು ಮುಂದೆ ತಂದ. "ಏನಂದ್ರಿ?"

ಕುರುವಿಳ ಇನ್ನೊಮ್ಮೆ ಹೇಳಿದರು.

ನಾಣು ಆಶಾರಿಯ ಕೈಯಿಂದ ಉಳಿ ಕೆಳಗೆ ಬಿತ್ತು. "ಬಿರಡೆಯಾ? ಆ ಹಲಗೆ ಬಿಚ್ಚಲಿಲ್ವಾ?" ಅವನು ಎದ್ದೇ ಬಿಟ್ಟ. "ನಿಲ್ಲಿಸಿ ಸಾರ್. ಮೊದ್ಲು ನಿಲ್ಲಿಸಿ, ಆಮೇಲೆ ಏನು ಬೇಕಾದ್ರೂ ಕೇಳಿ. ಪುಷ್ಕರಾ, ನಿನ್ನ ಮಗ ಕೂರೋದು ಅಲ್ಲೇ ಕಣೋ, ಆ ಹಲಗೆ ಪಕ್ಕದಲ್ಲೇ!"

ಪುಷ್ಕರನ್ ಫೋನು ಹಚ್ಚಿದರು. ಪಣಿಕ್ಕರ್ ಎತ್ತಲಿಲ್ಲ, ಬಿಜುಕುಟ್ಟನ್ ಎತ್ತಲಿಲ್ಲ. ಹುಟ್ಟು ಹಿಡಿದವನು ಫೋನು ದಡದಲ್ಲೇ ಬಿಟ್ಟಿರುತ್ತಾನೆ. ಪೊಲೀಸ್ ದೋಣಿ ಕಾಲುವೆಯಲ್ಲಿ ಇಷ್ಟು ಜೋರಾಗಿ ಹೋದದ್ದನ್ನು ಆ ಊರಿನವರು ಅದಕ್ಕೆ ಮೊದಲು ಕಂಡಿರಲಿಲ್ಲ. ಪುಷ್ಕರನ್ ಇಂಜಿನ್ನಿನ ಹತ್ತಿರ ನಿಂತೇ ಇದ್ದರು. ಕುರುವಿಳ ಅಂದು ಹಲಗೆ ಹಿಡಿದು ಕೂರುವುದನ್ನು ಮರೆತಿದ್ದರು.

ತಿರುವು ದಾಟಿದಾಗ ದೋಣಿ ನೀರಿನಲ್ಲಿತ್ತು. ಹುಟ್ಟುಗಾರರೆಲ್ಲ ಕೂತಾಗಿತ್ತು, ಹುಟ್ಟುಗಳು ಮೇಲೆದ್ದಿದ್ದವು, ಹಾಡುಗಾರ ಬಾಯಿ ತೆರೆದಿದ್ದ. ನಾಣು ಆಶಾರಿ ಪೊಲೀಸ್ ದೋಣಿಯ ಮೂತಿಯಲ್ಲಿ ನಿಂತು ಎರಡೂ ಕೈ ಎತ್ತಿದ.

"ಇಳೀರಿ! ಎಲ್ಲಾ ಇಳೀರಿ!"

ಕಟ್ಟಿದವನು ಇಳಿಯಿರಿ ಎಂದ ಮೇಲೆ ಕೂತಿರುವ ಹುಟ್ಟುಗಾರ ಆ ನಾಡಿನಲ್ಲಿಲ್ಲ. ಒಬ್ಬೊಬ್ಬರಾಗಿ ಸೊಂಟದವರೆಗಿನ ನೀರಿಗೆ ಇಳಿದರು. ಬಿಜುಕುಟ್ಟನ್ ಇಳಿದದ್ದು ಕಂಡ ಮೇಲೆ ಪುಷ್ಕರನ್ ಕೂತರು. ದಡದಿಂದ ಪಣಿಕ್ಕರ್ ಕೂಗಾಡುತ್ತಿದ್ದರು.

"ಏನ್ರೀ ಆಶಾರಿ ಇದು? ತಲೆ ಕೆಟ್ಟಿದ್ಯಾ?"

ಮುದುಕ ಕೊಡತಿ ಹಿಡಿದು ದೋಣಿಯೊಳಗೆ ಹತ್ತಿದ. ಕುರುವಿಳ ಇಬ್ಬರು ಪಂಚರನ್ನು ಹತ್ತಿರ ಕರೆದು, ಕಾನ್‌ಸ್ಟೆಬಲ್‌ಗೆ ಮೊಬೈಲಿನಲ್ಲಿ ಚಿತ್ರೀಕರಿಸಲು ಹೇಳಿದರು. ನಾಲ್ಕನೇ ಬಿರಡೆಗೂ ಐದನೆಯದಕ್ಕೂ ನಡುವಿನ ಜಾಗವನ್ನು ನಾಣು ಆಶಾರಿ ಪಂಚೆಯ ತುದಿಯಲ್ಲಿ ಒರೆಸಿದ. ಹತ್ತಿರ ಬಗ್ಗಿ ನೋಡಿದರೆ ಮಾತ್ರ ಕಾಣುವ, ಕೂದಲೆಳೆಯಷ್ಟು ಕಪ್ಪು ಗೆರೆ, ಹಲಗೆಗೆ ಅಡ್ಡಲಾಗಿ, ಅರ್ಧ ಅಗಲ ದಾಟಿತ್ತು.

"ನೋಡ್ಕೊಳ್ಳಿ," ಎಂದ.

ಮೂರನೇ ಪೆಟ್ಟಿಗೆ ಹಲಗೆ ಮುರಿಯಿತು. ಉದ್ದಕ್ಕೆ ಸೀಳಲಿಲ್ಲ, ಎಳೆ ಬಿಡಲಿಲ್ಲ. ಒಣರೊಟ್ಟಿ ಮುರಿದ ಹಾಗೆ ಅಡ್ಡಕ್ಕೆ ಎರಡು ತುಂಡಾಯಿತು. ನೀರು ಒಳಗೆ ನುಗ್ಗಿ ಮುದುಕನ ಮೊಣಕಾಲು ಮುಟ್ಟಿತು. ನಡುನೀರಿನಲ್ಲಿ, ಎಲ್ಲರೂ ಒಟ್ಟಿಗೆ ಹುಟ್ಟು ಹಾಕಿದ ಹೊತ್ತಿನಲ್ಲಿ ಇದು ಆಗಿದ್ದರೆ ಏನೆಂದು ಆ ತೊಂಬತ್ತೈದು ಜನರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಐದೂ ಐವತ್ತಕ್ಕೆ ನಾಣು ಆಶಾರಿಯನ್ನು ದಸ್ತಗಿರಿ ಮಾಡಿ ಠಾಣೆಗೆ ಕರೆತಂದರು. ಬೈರಿಗೆ, ಮುರಿದ ಹಲಗೆಯ ಎರಡು ತುಂಡು ಜಪ್ತಿಯಾದವು. ಪಣಿಕ್ಕರ್ ಹಿಂದೆಯೇ ಬಂದರು.

"ದೂರು ವಾಪಸ್ ತಗೋತೀನಿ ಸಾರ್."

"ಎಫ್‌ಐಆರ್ ಆಗಿದೆ. ಇನ್ನೇನಿದ್ರೂ ಕೋರ್ಟಲ್ಲಿ. ಠಾಣೇಲೇ ಜಾಮೀನು ಸಿಗೋ ಕೇಸು, ನೀವೇ ಸಹಿ ಹಾಕಿ ಕರ್ಕೊಂಡು ಹೋಗಿ."

"ಅವರ ಮನೇಲಿ ಇರೋ ಆ ಹೊಸ ಹಲಗೆ? ಅದೂ ಜಪ್ತಿನಾ?"

"ಅದರ ಫೋಟೊ ಇದೆ, ಅಳತೆ ಇದೆ, ಸಾಮಿಲ್‌ನವನ ಹೇಳಿಕೆ ಇದೆ," ಎಂದರು ಕುರುವಿಳ ಕಾಗದದಿಂದ ತಲೆ ಎತ್ತದೆ. "ಇಪ್ಪತ್ತನಾಲ್ಕು ಅಡಿ ಹಲಗೆ ಇಡೋಕೆ ನನ್ನ ಠಾಣೇಲಿ ಜಾಗ ಇಲ್ಲ."

ಪಣಿಕ್ಕರ್ ಜಾಮೀನು ಕಾಗದ ಬರೆಸಲು ಹೊರಗೆ ಹೋದರು. ಕುರುವಿಳ ಹೇಳಿಕೆ ಬರೆದುಕೊಳ್ಳತೊಡಗಿದರು.

"ಗೆರೆ ಯಾವಾಗ ಕಂಡಿದ್ದು?"

"ಹೋದ ತಿಂಗಳು. ಮೀನೆಣ್ಣೆ ಹಚ್ಚುವಾಗ. ಮರ ಹಳದಿ ಇದ್ದಾಗ ಕಾಣಲ್ಲ ಅದು. ಕಪ್ಪಾಗ್ತಾ ಬಂದ ಮೇಲೆ ಎಣ್ಣೆ ಒಳಗೆ ಇಳಿದು ಕಾಣೋದು."

"ಹೇಗೆ ಬಂತು?"

"ಕಡಿದಾಗ ಮರ ಕಲ್ಲಿನ ಪಾಗಾರದ ಮೇಲೆ ಬಿತ್ತು. ಒಳಗೇ ಮುರೀತು."

"ಬಿದ್ದಿದ್ದು ಗೊತ್ತಿತ್ತಾ?"

"ನಾನೇ ನಿಂತು ನೋಡಿದ್ದೆ."

"ಮತ್ತೆ?"

"ತುದಿಯಿಂದ ಬುಡದ ತನಕ ತಟ್ಟಿದೆ. ಮೂರು ಸಲ. ಒಳಗೆ ಮುರಿದಿದ್ರೆ ದನಿ ಒಡೆದು ಬರುತ್ತೆ. ಚೆನ್ನಾಗಿದೆ ಅಂದೆ. ನಾನು ಅಂದ ಮೇಲೆ ಇನ್ಯಾರು ತಟ್ಟಿ ನೋಡ್ತಾರೆ?"

"ಗೆರೆ ಕಂಡ ದಿನವೇ ಪಣಿಕ್ಕರ್‌ಗೆ ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ. ಇಷ್ಟೆಲ್ಲ ಯಾಕೆ?"

ಮುದುಕ ಕೈಗಳನ್ನು ಮೇಜಿನ ಮೇಲೆ ಮಗುಚಿ ಇಟ್ಟು ನೋಡುತ್ತ ಕೂತ. ಕುರುವಿಳ ತಾವೇ ಒಂದು ಸಾಲು ಬರೆದು ಮುಗಿಸಿದರು. ವಯಸ್ಸಾದವರು, ಹೆಸರಿದ್ದವರು, ಇರಲಿ ಎಂದು ಸ್ವಲ್ಪ ಮೃದುವಾಗಿಯೇ ಬರೆದರು.

ಹೇಳಿಕೆಯನ್ನು ಓದಿ ಹೇಳಬೇಕು, ಕೇಳಿದವರು ಸರಿಯಿದೆ ಎನ್ನಬೇಕು. ಕುರುವಿಳ ಓದಲು ಬಾಯಿ ತೆರೆದವರು ನಿಲ್ಲಿಸಿದರು. ಬುಧವಾರ ದೋಣಿಯ ಪಕ್ಕದಲ್ಲಿ ತಾವು ಎರಡು ಸಲ ಕೇಳಿದ್ದು, ಇವತ್ತು ಮುದುಕ ತಲೆ ಓರೆ ಮಾಡಿದ್ದು ನೆನಪಾಯಿತು. ಕುರ್ಚಿ ಎತ್ತಿಕೊಂಡು ಮೇಜು ಸುತ್ತಿ ಬಂದು, ಅವನ ಎಡಗಡೆಗೆ ಹಾಕಿಕೊಂಡು ಕೂತರು. ಮೊದಲಿನಿಂದ, ನಿಧಾನವಾಗಿ ಓದಿದರು.

"'...ದಿಮ್ಮಿಯನ್ನು ಪರೀಕ್ಷಿಸಿದಾಗ ಒಳಗಿನ ದೋಷ ನನ್ನ ಗಮನಕ್ಕೆ ಬರಲಿಲ್ಲ.' ಸರಿ ಇದ್ಯಾ ಮೂತ್ತಾಶಾರಿ?"

ನಾಣು ಆಶಾರಿ ಬಾಗಿಲ ಕಡೆ ನೋಡಿದ. ಹೊರಗೆ ಪಣಿಕ್ಕರ್ ಇದ್ದರು, ಪುಷ್ಕರನ್ ಇದ್ದರು, ಬಿಜುಕುಟ್ಟನ್ ಒದ್ದೆ ಬಟ್ಟೆಯಲ್ಲೇ ನಿಂತಿದ್ದ.

"ಅದು ಹೊಡೆದು ಹಾಕಿ," ಎಂದ, ಅವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. "ಕಿವಿ ಹೋಗಿ ನಾಲ್ಕು ವರ್ಷ ಆಯ್ತು. ಯಾರಿಗೂ ಹೇಳಿರ್ಲಿಲ್ಲ. ಮರ ಹೇಳ್ತು, ನನಗೆ ಕೇಳಿಸ್ಲಿಲ್ಲ ಅಂತ ಬರೀರಿ."